ಬಿಸಿಲು ಇಳಿಯೋವರೆಗೆ

ಟಿಕೆಟ್ಟು ಹತ್ತು ರೂಪಾಯಿ. ಹರಿದುಕೊಟ್ಟ ಗಂಗುಲಪ್ಪನೇ
ಬೀಗದ ಕೈ ಕುಣಿಸುತ್ತ ಮುಂದೆ ನಡೆದ.
"ನಾಕೂವರೆಗೆ ಬರಬೇಕಾಗಿತ್ತು ನೀವು.
ನೆತ್ತಿ ಬಿಸಿಲಿಗೆ ಈ ಕಲ್ಲು ಬಾಯಿ ಬಿಡೋದಿಲ್ಲ."

ಕಾಲುದಾರಿ. ತಂಗಡಿ ಹೂ, ಬಂದರೆ ಗಿಡದ ಅಂಟು,
ಸೋದರತ್ತೆಯ ಸೆರಗು ಹಿಡಿದೆಳೆದ ಕಾರೆಮುಳ್ಳು.
ಎಡಕ್ಕೆ ಚಿತ್ರಾವತಿ,
ಮರಳಿನ ಮೇಲೆ ಒಂದೆಳೆ ನೀರು,
ಆ ಎಳೆಯಲ್ಲೊಂದು ಕೊಕ್ಕರೆ
ಒಂದು ಕಾಲು ಉಳಿತಾಯ ಮಾಡಿ ನಿಂತಿತ್ತು.

ಬಂಡೆ ಬಂತು. ಏನೂ ಇಲ್ಲ.
ಉಂಡು ತೊಳೆದಿಟ್ಟ ತಟ್ಟೆ.
ಇರುವುದೆಲ್ಲ ಪಕ್ಕದ ಫಲಕದಲ್ಲಿ: ಗೂಳಿ, ಬೇಟೆ, ಸಾವಿರಾರು ವರ್ಷ,
ಕೊನೆಗೆ, "ಕುಳಿಗಳ ಉದ್ದೇಶ ತಿಳಿದುಬಂದಿಲ್ಲ."
ಅತ್ತೆ ಕನ್ನಡಕ ಏರಿಸಿ ಬಗ್ಗಿದಳು.
"ಅಯ್ಯೋ, ಅಳಿಗುಳಿ ಮಣೆ ಕಣೇ!
ಬಿಸಿಲು ಇಳಿಯೋವರೆಗೆ ಅವರಾದರೂ ಏನು ಮಾಡಬೇಕು?"

ನಾವೂ ಅದನ್ನೇ ಮಾಡಿದೆವು.
ಹುಣಸೆಬೀಜ ಎಲ್ಲಿಂದ ತರೋಣ, ಜಲ್ಲಿಚೂರು ಸಾಕಾಯಿತು.
ಕೂತ ಕಡೆಯಿಂದಲೇ ಕೈ ಚಾಚಿ ಗಂಗುಲಪ್ಪ ಎರಡಾಟ ಸೋತ,
ಮೂರನೆಯದರಲ್ಲಿ ಕಳ್ಳಾಟ ಆಡಿ ಸಿಕ್ಕಿಬಿದ್ದ.

ಆಮೇಲೆ ಹೊತ್ತು ವಾಲಿತು.
ಮೊದಲು ಒಂದು ಕೋಡು.
ಕೋಡಿನ ಹಿಂದೆ ಇಣಿ, ಇಣಿಯ ಹಿಂದೆ ಎತ್ತಿದ ಬಾಲ,
ಎಲ್ಲಿತ್ತೋ ಇಷ್ಟು ಹೊತ್ತು,
ಕಲ್ಲಿನೊಳಗಿಂದ ಗೂಳಿ ಎದ್ದು ಬಂತು.
ಮೂರೇ ಕಾಲು.
ನಾಲ್ಕನೆಯದಕ್ಕೆ ಉಳಿ ಇಡುವಷ್ಟರಲ್ಲಿ
ಯಾರೋ ಉಣ್ಣೋಕೆ ಕೂಗಿರಬೇಕು.

ಅದೇ ಓರೆ ಬೆಳಕು ಬೇರೆಯವರನ್ನೂ ಎಬ್ಬಿಸಿತು:
ಹೊಟ್ಟೆಯ ಮೇಲೆ ಶಫಿ, ತೊಡೆಯ ಮೇಲೊಂದು ಹೃದಯ, ಬಾಣ,
ಕೊರಳಿನ ಸುತ್ತ "ಏಳನೇ ಬಿ ಸೆಕ್ಷನ್".
"ಥೂ, ಇವರ ಕೈ ಸೇದಿಹೋಗ," ಅಂದುಬಿಟ್ಟೆ.

ಗಂಗುಲಪ್ಪ ಮಾತಾಡಲಿಲ್ಲ.
ಮಧ್ಯಾಹ್ನದಿಂದ ಕೂತ ಜಾಗ ಬಿಟ್ಟು ಅವನು ಕದಲಿರಲಿಲ್ಲ,
ನೆರಳು ಯಾವಾಗಲೋ ಆಚೆ ಸರಿದಿದ್ದರೂ.
ಅತ್ತೆ ನೀರು ಕೇಳಿದಾಗ ಏಳಲೇಬೇಕಾಯಿತು.

ಎದ್ದ ಕಡೆ, ಮೊಳೆಯಲ್ಲಿ ಗೀಚಿದ ಮೂರು ಅಕ್ಷರ:
ಗಂಗುಲ.
"ಅಷ್ಟರಲ್ಲಿ ಮೇಷ್ಟ್ರು ಬಂದುಬಿಟ್ರು," ಅಂದ
ಬಾಟಲಿಯ ಮುಚ್ಚಳ ತಿರುಗಿಸುತ್ತ, ತಿರುಗಿಸುತ್ತಲೇ.

ಐದೂವರೆಗೆ ಗೇಟು. ಬಾಗೇಪಲ್ಲಿಯ ಬಸ್ಸು ಖಾಲಿ ಇತ್ತು.
ಚಿಲ್ಲರೆಗೆಂದು ಅತ್ತೆ ಸೆರಗಿನ ಗಂಟು ಬಿಚ್ಚಿದಳು:
ಎರಡು ನಾಣ್ಯ, ಮಡಿಸಿದ ಟಿಕೆಟ್ಟು, ಒಂದು ಜಲ್ಲಿಕಲ್ಲು.
"ಕದ್ದದ್ದಲ್ಲ," ಅಂದಳು, "ಗೆದ್ದದ್ದು."