ಸೊಗಡು

ಮೂರನೇ ಕಂತಿಗೇ ಕೈಬಿಟ್ಟ ಅನಿಮೆ, ಇದು ಹನ್ನೊಂದು.
ಹೊಡೆಯುವ ಮೊದಲು ಹೊಡೆತದ ಹೆಸರು ಕೂಗುವವರು,
ಸತ್ತು ಬೇರೆ ಲೋಕದಲ್ಲಿ ರಾಜನಾಗಿ ಏಳುವವರು,
ತಟ್ಟೆಯಗಲ ಕಣ್ಣು, ಒಳಗೆ ಏನೂ ಬಡಿಸಿಲ್ಲ.

"ನಿನಗೆ ದೇವರೇ ಕೂತು ಚಿತ್ರ ಬರೀಬೇಕು,"
ನುಸ್ರತ್ ಪಟ್ಟಿ ಕಳಿಸುವುದನ್ನೇ ನಿಲ್ಲಿಸಿದಳು.

ಮತ್ತಿಕೆರೆ, ಡಿಸೆಂಬರ್ ರಾತ್ರಿ.
ಅಮ್ಮನ ಜೊತೆ ನೆನೆದ ಅವರೆ ಹಿದುಕುತ್ತ
ಫೋನನ್ನು ಸೇರಿಗೆ ಒರಗಿಸಿ
ಹನ್ನೆರಡನೆಯದು ಹಾಕಿದೆ.

ಬಸ್ ನಿಲ್ದಾಣ. ಒಬ್ಬ ಮುದುಕಿ. ಕಿತ್ತಳೆ.
ಬಸ್ಸು ಬರುವುದಿಲ್ಲ.
ಸುಲಿಯುತ್ತಾಳೆ, ಅಷ್ಟೆ,
ಬಿಳಿ ನಾರನ್ನೂ ಒಂದೊಂದೇ ಎಳೆದು.

ಅಮ್ಮನ ಹೆಬ್ಬೆರಳು ನಿಂತಿತು.
"ಬಿಡಿಸೋಕೆ ಬರತ್ತೆ ಕಣೆ ಇವಳಿಗೆ."

ಯಶವಂತಪುರದ ಮಾರ್ಕೆಟ್ಟಿನಲ್ಲಿ
ಒಂದು ಕಾಯಿ ಉಜ್ಜಿ, ಮೂಸಿ, ಹಿಂದಕ್ಕೆಸೆದು
ಆರು ಗಾಡಿ ದಾಟುವವಳು ಅವಳು.

ಐದನೇ ಕಂತಿಗೆ ಕಾಳು ಮುಗಿಯಿತು.
ಇಬ್ಬರೂ ಏಳಲಿಲ್ಲ.