ಐದು ಗೇಣಿನ ದಾರ

ಎತೇರಿ ಅಳತೆ ತಂದಿದ್ದಳು, ಕರಿ ದಾರಕ್ಕೊಂದು ಗಂಟು ಹಾಕಿ.
ಹೊಲಿಗೆ ಯಂತ್ರದಿಂದ ಬಾಲ್ಕನಿಯ ಬಾಗಿಲವರೆಗೆ
ಐದು ಗೇಣು, ಅವಳ ಗೇಣಿನಲ್ಲಿ.
"ಇಷ್ಟರೊಳಗೆ ಕೂರುವ ಪಿಯಾನೊ ಬೇಕು, ನೋದಾರ್.
ದುಡ್ಡು ನನ್ನದು, ಕಿವಿ ನಿನ್ನದು. ಬಾ."

ನಲವತ್ತು ವರ್ಷ ತಿಬಿಲಿಸಿಯ ಮನೆಮನೆ ಹತ್ತಿ
ಪಿಯಾನೊ ತಂತಿ ಬಿಗಿದವನು ನಾನು.
ಶ್ರುತಿಯೇ ತಪ್ಪದ ಪೆಟ್ಟಿಗೆ ಆರಿಸಲು ನನ್ನನ್ನೇ ಕರೆದದ್ದು
ಕೋಳಿಯನ್ನು ಕೇಳಿ ಮಸಾಲೆ ಅರೆದ ಹಾಗೆ.
ಹೋದೆ.
ಬಿಗಿಯುವ ಕೀಲಿ ಜೇಬಿನಲ್ಲೇ ಇತ್ತು, ಅಭ್ಯಾಸ.

ಅಂಗಡಿಯ ಹುಡುಗ ತೊರ್ನಿಕೆ ಶುರುಮಾಡಿದ:
ಆರುನೂರು ದನಿ, ಇನ್ನೂರು ತಾಳ,
ಒಂದು ಗುಂಡಿಗೆ ಕೊಳಲು, ಇನ್ನೊಂದಕ್ಕೆ ಚರ್ಚಿನ ಆರ್ಗನ್,
ಮತ್ತೊಂದು ಒತ್ತಿದರೆ ನಾಯಿ ಬೊಗಳಿತು.
ಎತೇರಿ ನಕ್ಕಳು. ನಾನು ನಗಲಿಲ್ಲ.
ಸದ್ದು ಪೂರ್ತಿ ಇಳಿಸು ಎಂದೆ.
ಸದ್ದಿಲ್ಲದೆ ಒಂದೊಂದೇ ಮನೆ ಒತ್ತುತ್ತಾ ಬಂದೆ,
ಹಸುವಿನ ಹೊಟ್ಟೆ ಮುಟ್ಟಿ ನೋಡುವವನಂತೆ.
ಮೂಲೆಯದೊಂದು ಸಿಕ್ಕಿತು: ಎಡಕ್ಕೆ ಭಾರ,
ಬಲಕ್ಕೆ ಹೋದಂತೆಲ್ಲ ಹಗುರ.
ಒಳಗೆ ಪುಟ್ಟ ಸುತ್ತಿಗೆಗಳಿವೆಯಂತೆ.
ಹೊಡೆಯಲು ತಂತಿಯಿಲ್ಲ, ಆದರೂ ಹೊಡೆಯುತ್ತವೆ.
ಪಾಪ ಅನ್ನಿಸಿತು.
"ಇದೇ" ಎಂದೆ.

ಎಂಬತ್ತೆಂಟು ಮನೆ.
ಅವಳು ದಾರ ಹಿಡಿದಳು. ಒಂದೂವರೆ ಗೇಣು ಹೊರಗುಳಿಯಿತು.
"ಹೊಲಿಗೆ ಯಂತ್ರ ಸರಿಸು."
"ಅದು ನನ್ನ ರೊಟ್ಟಿ."
ಆಮೇಲೆ ಹುಡುಗನ ಕಡೆ ತಿರುಗಿ ಒಂದೇ ಪ್ರಶ್ನೆ:
"ಕರೆಂಟು ಹೋದರೆ?"
"ಈಗೆಲ್ಲಿ ಹೋಗುತ್ತೆ, ದೇಯ್ದಾ!"

ಆ ಚಳಿಗಾಲಕ್ಕೆ ಅವನಿನ್ನೂ ಹುಟ್ಟಿರಲಿಲ್ಲ.
ನಸುಕಿನಿಂದ ಬ್ರೆಡ್ಡಿನ ಸಾಲು, ನಲ್ಲಿಯಲ್ಲಿ ಹೆಪ್ಪುಗಟ್ಟಿದ ನೀರು,
ಒಂಬತ್ತನೇ ಮಹಡಿಯಲ್ಲಿ ಎತೇರಿಯ ಕೈಕೂಸು.
ಪಿಯಾನೊದ ಮುಚ್ಚಳ ಮೊದಲು ಒಲೆಗೆ ಹೋಯಿತು,
ಆಮೇಲೆ ಎರಡು ಪಕ್ಕೆ, ಆಮೇಲೆ ಎದೆಯ ಹಲಗೆ.
ತಂತಿ ಬಿಚ್ಚಿಕೊಟ್ಟವನು ನಾನೇ,
ಇದೇ ಕೀಲಿಯಲ್ಲಿ.
ಎಲ್ಲಕ್ಕಿಂತ ಕೆಳಗಿನ 'ಲಾ' ಕೊನೆಗೆ ಉಳಿಯಿತು.
ಸಡಿಲಾಗುತ್ತಾ ಅದು ಗೊಣಗಿದ್ದು
ಗೋಡೆಗೂ ಕೇಳಿಸಿರಬೇಕು.
ಕೂಸು ಕೈ ಕಾಯಿಸಿಕೊಂಡು ಮಲಗಿತು.
ಆ ಮಾತು ಮತ್ತೆ ನಾವು ಎತ್ತಿಲ್ಲ.

"ಸೆಲ್ಲಿನಲ್ಲಿ ನಡೆಯುವುದು ಯಾವುದು?" ಎಂದಳು.
ಅರವತ್ತೊಂದು ಮನೆಯದು. ಆರು ಸೆಲ್ಲು.
ಖಾಲಿ ಬೆಂಕಿಪೊಟ್ಟಣದಷ್ಟು ಹಗುರ ಒಂದೊಂದು ಮನೆ;
ಒತ್ತಿದರೆ ಬೆರಳಿಗೆ ಎದುರಾಡುವವರಿಲ್ಲ.
ನನ್ನ ಮುಖ ನೋಡಿದಳು. ನಾನು ಬೆಲೆ ಚೀಟಿ ಓದುತ್ತಾ ನಿಂತೆ.
ದಾರದೊಳಗೆ ಕೂತಿತು, ನಾಲ್ಕು ಬೆರಳು ಉಳಿಸಿ.

ನಮ್ಮ ಕಟ್ಟಡದ ಲಿಫ್ಟು ನಾಣ್ಯ ನುಂಗದೆ ಏರುವುದಿಲ್ಲ.
ಹಳೆಯದನ್ನು ಮೆಟ್ಟಿಲಲ್ಲಿ ಆರು ಜನ ಹೊತ್ತಿದ್ದರು,
ಮಹಡಿಗೊಂದು ಬೈಗುಳ.
ಇದು ಅವಳ ಪಕ್ಕ ನೆಟ್ಟಗೆ ನಿಂತುಕೊಂಡಿತು,
ಮೊದಲ ಸಲ ಪಟ್ಟಣಕ್ಕೆ ಬಂದ ನೆಂಟನ ಹಾಗೆ.
ನಾಣ್ಯ ನಾನೇ ಹಾಕಿದೆ.

ಈಗ ರಾತ್ರಿ ಹನ್ನೊಂದಕ್ಕೆ ಅವಳು ಕಿವಿಗೆ ಹೆಡ್‌ಫೋನು ಸಿಕ್ಕಿಸುತ್ತಾಳೆ.
ಕೆಳಗೆ ಎಂಟರಲ್ಲಿ ನನಗೆ ಬರೀ ಟಕಟಕ,
ಯಾರೋ ಹುರಿಗಾಳು ನೆಲಕ್ಕೆ ಚೆಲ್ಲಿದಂತೆ.
ಯಾವ ಹಾಡೆಂದು ಮೂರು ರಾತ್ರಿ ತಿಳಿಯಲಿಲ್ಲ.
ನಾಲ್ಕನೆಯದು,
ಬೆರಳು ಎಡಕ್ಕೆ, ಇನ್ನೂ ಎಡಕ್ಕೆ ಇಳಿದು,
ಅರವತ್ತೊಂದು ಮುಗಿದ ಮೇಲೂ ಇಳಿದು
ಹೊಲಿಗೆ ಯಂತ್ರದ ಮರಕ್ಕೆ ಬಡಿಯಿತು:
ಧಪ್.
ಹಳೆಯ ಬೆರಳು. ಎಣಿಸಲು ಅದಕ್ಕೆ ಯಾರೂ ಹೇಳಿಲ್ಲ.

ಆ ಧಪ್ ಬರುವ ಹೊತ್ತಿಗೆ
ಹಾಸಿಗೆಯಲ್ಲಿ ಎದ್ದು ಕೂತಿರುತ್ತೇನೆ.
ಗಂಟಲು ಆ 'ಲಾ'ದಷ್ಟು ಆಳಕ್ಕೆ ಇಳಿಯುವುದಿಲ್ಲ,
ಕೆಮ್ಮು ಬರುತ್ತದೆ.

ನಿನ್ನೆ ಲಿಫ್ಟಿನ ಮುಂದೆ ಚಿಲ್ಲರೆ ಹುಡುಕುತ್ತಾ ಸಿಕ್ಕಳು.
"ರಾತ್ರಿ ಸದ್ದು ಕೇಳಿಸುತ್ತದೆಯೇ?
ಯಂತ್ರದ ಮೇಲೆ ಬಟ್ಟೆ ಹಾಸಲೇ?"
"ಏನೂ ಕೇಳಿಸುವುದಿಲ್ಲ" ಎಂದೆ,
"ಬಟ್ಟೆ ಹಾಸಬೇಡ."