ಒಂದೇ ಕಣ್ಣಿನ ಗೆಡ್ಡೆ

ಬಳ್ಳಿ ಕೀಳುವುದು ನನ್ನ ಕೆಲಸ.
ವಾಮಂಜೂರಿನಿಂದ ಗುರುಪುರದ ಇಳಿಜಾರಿನವರೆಗೆ
ಕಂಬಕ್ಕೆ ಹತ್ತಿದ್ದು, ತಂತಿಗೆ ತಾಗಿದ್ದು,
ಹೆಸರು ಕೇಳದೆ ಕಡಿದಿದ್ದೇನೆ
ಇಪ್ಪತ್ತೆರಡು ಮಳೆಗಾಲ.

ಇದೊಂದು ಸ್ಟೇ ವಯರು ಹಿಡಿದು ಮೇಲೆ ಬಂದಿತ್ತು
ಎಲೆಯ ತುದಿಯನ್ನೇ ಬೆರಳು ಮಾಡಿಕೊಂಡು.
ಹೂವಿನ ಎಸಳೆಲ್ಲ ಹಿಂದಕ್ಕೆ ಬಾಚಿದ ಕೂದಲು,
ಬುಡ ಹಳದಿ, ತುದಿ ಕೆಂಪು,
ಫ್ಯೂಸು ಹೋಗುವ ಆ ಒಂದು ಕ್ಷಣದ ಹಾಗೆ.
ಕತ್ತಿ ಎತ್ತಿದವನು
ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದೆ.

ಮುರಕಲ್ಲಿನ ಸಂದಿಯಿಂದ ಗೆಡ್ಡೆ ಎಬ್ಬಿಸಲು ಅರ್ಧ ಗಂಟೆ.
ನೇಗಿಲಿನ ಹಾಗೆ ಬಾಗಿದ್ದು, ತುದಿಗೆ ಒಂದೇ ಕಣ್ಣು.
"ಗೌರಿ ಹೂ ಅದು. ಕಣ್ಣು ಮುರಿದರೆ ಮುಗೀತು,"
ಹುಲ್ಲು ಕೆರೆಯುತ್ತಿದ್ದ ದೇಜಕ್ಕ ಹೇಳಿದರು.
"ಮುಟ್ಟಿದ ಕೈ ತೊಳಿ. ತಿಂದರೆ ಸಾಯ್ತಿ.
ನೋಡ್ಲಿಕ್ಕೆ ಅಡ್ಡಿಯಿಲ್ಲ."

ಬುತ್ತಿ ಡಬ್ಬಿಯಲ್ಲಿಟ್ಟು ತಂದೆ.
ಆ ಡಬ್ಬಿಯನ್ನು ಲೋಲಾಕ್ಷಿ ಮತ್ತೆ
ಅಡುಗೆಮನೆಗೆ ಸೇರಿಸಲಿಲ್ಲ.

ಸಾಕುವುದಕ್ಕೆ ಹೆಚ್ಚೇನೂ ಬೇಡ:
ಹೊಯಿಗೆ ಬೆರೆಸಿದ ಕೆಂಪು ಮಣ್ಣು,
ನಾಲ್ಕು ಬೆರಳು ಆಳದಲ್ಲಿ ಅಡ್ಡ ಮಲಗಿಸಬೇಕು,
ಬುಡಕ್ಕೆ ನೆರಳು, ತಲೆಗೆ ಬಿಸಿಲು,
ಹತ್ತಲಿಕ್ಕೆ ಏನಾದರೊಂದು.
ಬಳ್ಳಿ ಹಳದಿಯಾಗಿ ಬಿದ್ದ ಮೇಲೆ ನೀರು ನಿಲ್ಲಿಸಬೇಕು.
ಅದೇ ಕಷ್ಟ,
ಬರೀ ಕುಂಡವನ್ನು ಎಂಟು ತಿಂಗಳು ನಂಬುವುದು.

ನಾನೇನೋ ನಂಬಿದೆ. ಮಾರ್ಚಿನಲ್ಲಿ
ನನಗೆ ನೈಟ್ ಡ್ಯೂಟಿ ಇದ್ದ ವಾರ
ಅವಳು ಕುಂಡ ಕವುಚಿದಳು,
ಒಳ್ಳೆ ಮಣ್ಣು ದಂಡವಾಗುತ್ತದೆಂದು
ಬಸಳೆಯ ಬುಡಕ್ಕೆ.
ನಾನು ಬೈಯಲಿಲ್ಲ.
ಸುಳ್ಳು, ಬೈದೆ.
ಎರಡು ದಿನ ಮನೆಯಲ್ಲಿ ಮಾತಿಲ್ಲ,
ಬಂಗುಡೆ ಪುಳಿಮುಂಚಿ ಮಾತ್ರ.

ಮೃಗಶಿರ ಮಳೆ ಹಿಡಿದು ಒಂಬತ್ತನೇ ದಿನ
ಬಸಳೆ ಚಪ್ಪರದಲ್ಲಿ ಬೇರೆಯದೇ ಹಸಿರು.
ದಪ್ಪ ದುಂಡು ಎಲೆಗಳ ನಡುವೆ ಸಪೂರ ಎಲೆ,
ತುದಿಯಲ್ಲಿ ಸುರುಳಿ,
ಬಸಳೆ ದಂಟನ್ನೇ ಸ್ಟೇ ವಯರೆಂದು ತಿಳಿದು
ಬಿಗಿಯಾಗಿ ಹಿಡಿದುಕೊಂಡಿದೆ.

ಈಗ ಪೇಚು.
ಸಾರಿಗೆ ಬೀಳುವುದೂ ಆಸ್ಪತ್ರೆಗೆ ಕಳಿಸುವುದೂ
ಒಂದೇ ಚಪ್ಪರದ ಮೇಲೆ.
ಮನೆಯಲ್ಲಿ ಸಣ್ಣ ಹುಡುಗಿ ಇದ್ದಾಳೆ, ಸೊಪ್ಪು ಕೊಯ್ಯುವವಳು ಅವಳೇ.
ಕೀಳ್ತೇನೆ ಎಂದೆ. ಗೊತ್ತಿರುವ ಕೆಲಸವಲ್ಲವಾ.

ಕತ್ತಿ ಹಿಡಿದು ಹಿತ್ತಿಲಿಗೆ ಹೋಗುವಾಗ
ಲೋಲಾಕ್ಷಿ ಬಸಳೆಯನ್ನೇ ಬುಡದಿಂದ ಕಡಿಯುತ್ತಿದ್ದಳು,
ಮೊಳಕಾಲಿನವರೆಗೆ ಸೀರೆ ಎತ್ತಿ ಕಟ್ಟಿ,
ಬಾವಿಕಟ್ಟೆಯ ಆಚೆ ದಂಟುಗಳನ್ನು ಕುತ್ತಿ.
"ಬಸಳೆ ಎಲ್ಲಿ ಕುತ್ತಿದರೂ ಬದುಕ್ತದೆ,"
ನನ್ನ ಮುಖ ನೋಡದೆ ಹೇಳಿದಳು,
"ಇದಕ್ಕೆ ಇರುವುದು ಒಂದೇ ಕಣ್ಣಲ್ಲವಾ."

ಆಗಸ್ಟಿನ ಒಂದು ಸಂಜೆ, ಊರಿಡೀ ಕರೆಂಟಿಲ್ಲ.
ಚಪ್ಪರದಲ್ಲಿ ನಾಲ್ಕು ಹೂ.
ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಉಂಟು.
ಹೋಗ್ತೇನೆ ಮಾರಾಯ್ರೆ,
ಹೋಗ್ತೇನೆ.